ಕ್ರಿಸ್‌ಮಸ್ ರಜೆಯಲ್ಲಿ ಮನೆಯವರಿಗೆ ಹುಷಾರು ತಪ್ಪಿದರೆ: ಮಲೆನಾಡಿನ ಮನೆಗಳಿಗೊಂದು ಕೈಪಿಡಿ

ಡಿಸೆಂಬರ್ ಕೊನೆಯ ವಾರ ಮಲೆನಾಡಿನ ಮನೆಗಳು ತುಂಬಿರುತ್ತವೆ. ಬೆಂಗಳೂರಿನಿಂದ ಮಕ್ಕಳು ಮೊಮ್ಮಕ್ಕಳು ಬಂದಿರುತ್ತಾರೆ. ತೋಟದಲ್ಲಿ ಅಡಿಕೆ ಗೊನೆಯ ಕೊಯ್ಲು, ಅಂಗಳದಲ್ಲಿ ಅಡಿಕೆ ಬೇಯಿಸುವ ಒಲೆ, ಕ್ರೈಸ್ತರ ಮನೆಗಳಲ್ಲಿ ಕುಸ್ವಾರಿಗೆ, ಅಂದರೆ ಹಬ್ಬದ ತಿಂಡಿಗಳಿಗೆ, ಕಾಯುತ್ತಿರುವ ಎಣ್ಣೆ. ಅದೇ ಹೊತ್ತಿಗೆ 25ರಂದು ಸರ್ಕಾರಿ ಆಸ್ಪತ್ರೆಯ ಒಪಿಡಿಗೆ ರಜೆ, ಪೇಟೆಯ ಕ್ಲಿನಿಕ್ಕಿನ ಡಾಕ್ಟರು ಊರಲ್ಲಿರುವುದಿಲ್ಲ, ಮೆಡಿಕಲ್ ಶಾಪು ತೆರೆದಿದ್ದರೆ ಪುಣ್ಯ. ಭಾನುವಾರವೂ ಅಂಟಿಕೊಂಡು ಬಂದರೆ ಎರಡು ಮೂರು ದಿನ ಹೀಗೇ ಹೋಗುತ್ತದೆ.

ಈ ದಿನಗಳಲ್ಲಿ ಹೆಚ್ಚು ಅನಾಹುತ ಮಾಡುವುದು ‘ರಜೆ ಕಳೀಲಿ, ಆಮೇಲೆ ತೋರಿಸಿದರಾಯ್ತು’ ಅನ್ನುವ ಮಾತು. ನಿಜಕ್ಕೂ ಕಾಯಬಹುದಾದ ತೊಂದರೆಗಳು ಬೇಕಾದಷ್ಟಿವೆ. ಅರ್ಧ ಗಂಟೆಯೂ ಕಾಯಬಾರದವು ಕೆಲವೇ ಕೆಲವು. ಅವೆರಡನ್ನು ಬೇರೆ ಮಾಡಿ ನೋಡಲು ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಒಪಿಡಿ ಮುಚ್ಚಿದ್ದರೂ ತುರ್ತು ಚಿಕಿತ್ಸಾ ವಿಭಾಗ ಮುಚ್ಚುವುದಿಲ್ಲ ಎಂಬುದು ನೆನಪಿರಲಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೂ ತಾಲ್ಲೂಕು ಆಸ್ಪತ್ರೆಗಳಲ್ಲೂ ಹಬ್ಬದ ದಿನವೂ ತುರ್ತು ಚಿಕಿತ್ಸೆ ಇರುತ್ತದೆ.

24ರ ಒಳಗೆ ಮಾಡಿಕೊಳ್ಳಬೇಕಾದದ್ದು

ಮೊದಲು ಮಾತ್ರೆ ಎಣಿಸಿ. ಬಿಪಿ, ಸಕ್ಕರೆ ಕಾಯಿಲೆ, ಥೈರಾಯ್ಡ್, ಫಿಟ್ಸ್, ಹೃದಯದ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ, ದಿನಾ ನುಂಗುವಂಥದ್ದು ಯಾವುದಿದ್ದರೂ ಜನವರಿ 5ರವರೆಗೆ ಸಾಕಾಗುವಷ್ಟು ಇರಬೇಕು. ಫಿಟ್ಸ್ ಮಾತ್ರೆ ಎರಡು ದಿನ ತಪ್ಪಿದರೂ ಫಿಟ್ಸ್ ಮರುಕಳಿಸಬಹುದು. ಬಿಪಿ ಮಾತ್ರೆಗಳಲ್ಲಿ ಕೆಲವನ್ನು ಥಟ್ಟನೆ ನಿಲ್ಲಿಸಿದರೆ ಮೊದಲಿಗಿಂತ ಹೆಚ್ಚು ಏರುತ್ತದೆ. ಊರಿಗೆ ಬರುವ ದೊಡ್ಡವರು ಮಾತ್ರೆಯ ಡಬ್ಬಿ ಬೆಂಗಳೂರಲ್ಲೇ ಬಿಟ್ಟು ಬರುವುದು ಸಾಮಾನ್ಯ. ಹಾಗಾಗಿ ಅವರು ಬಸ್ಸು ಹತ್ತುವ ಮೊದಲೇ ಫೋನ್ ಮಾಡಿ ನೆನಪಿಸಿ. ಎಲ್ಲರ ಚೀಟಿಯ ಫೋಟೊ ಒಬ್ಬರ ಮೊಬೈಲಿನಲ್ಲಿ ಇರಲಿ.

ಆಮೇಲೆ ಔಷಧದ ಡಬ್ಬಿ. ಡಿಜಿಟಲ್ ಥರ್ಮಾಮೀಟರ್, ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಮಾತ್ರೆ ಎರಡು ಪಟ್ಟಿ, ಮಕ್ಕಳಿದ್ದರೆ ಅದರ ಸಿರಪ್ಪು ಮತ್ತು ಅಳತೆಯ ಸಿರಿಂಜು, ಓಆರ್‌ಎಸ್ ಆರು ಪೊಟ್ಟಣ, ಮಕ್ಕಳ ಭೇದಿಗೆ ಜಿಂಕ್ ಮಾತ್ರೆ, ಗಾಜ್ ಬಟ್ಟೆ, ಬ್ಯಾಂಡೇಜು, ಪೊವಿಡೋನ್ ಅಯೋಡಿನ್ ಮುಲಾಮು, ಮೊನೆ ಚೂಪಾಗಿರುವ ಚಿಮಟ, ಆಸ್ಪಿರಿನ್ ಒಂದು ಪಟ್ಟಿ. ಬೆರಳಿಗೆ ಹಾಕಿ ಆಮ್ಲಜನಕ ನೋಡುವ ಪಲ್ಸ್ ಆಕ್ಸಿಮೀಟರ್ ಇದ್ದರೆ ಹೊಸ ಬ್ಯಾಟರಿ ಹಾಕಿಡಿ. ಕಳೆದ ಸಲ ಉಳಿದ ಆಂಟಿಬಯೋಟಿಕ್ ಈ ಡಬ್ಬಿಯಲ್ಲಿ ಬೇಡ. ಇದ್ದರೆ ಯಾರಾದರೂ ಕೊಟ್ಟೇ ಕೊಡುತ್ತಾರೆ.

ಮೂರನೆಯದು ಫೋನು. ಮನೆಯೊಳಗೆ ಸಿಗ್ನಲ್ ಸಿಗದ ಊರು ನಮ್ಮಲ್ಲಿ ಎಷ್ಟೋ ಇವೆ. ಗುಡ್ಡದ ಯಾವ ಜಾಗದಲ್ಲಿ ಯಾವ ಸಿಮ್ಮಿಗೆ ಸಿಗ್ನಲ್ ಸಿಗುತ್ತದೆ ಎಂದು ಬಂದ ನೆಂಟರಿಗೂ ತೋರಿಸಿಡಿ. 108 ಆಂಬುಲೆನ್ಸಿಗೆ, 104 ಆರೋಗ್ಯ ಸಹಾಯವಾಣಿಗೆ, 112 ಎಲ್ಲ ಬಗೆಯ ತುರ್ತಿಗೆ, 14416 ಮನಸ್ಸಿನ ಸಂಕಟಕ್ಕೆ. ಈ ನಾಲ್ಕು ಸಂಖ್ಯೆ, ನಿಮ್ಮೂರ ಆಶಾ ಕಾರ್ಯಕರ್ತೆಯ ನಂಬರು, ಜೀಪು ಅಥವಾ ಕಾರು ಇರುವ ಪಕ್ಕದ ಮನೆಯವರ ನಂಬರು, ಇಷ್ಟನ್ನೂ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿ. ಕರೆಂಟು ಹೋಗಿ ಮೊಬೈಲು ಸತ್ತಾಗ ಗೋಡೆಯ ಮೇಲಿನ ಬರಹವೇ ಗತಿ.

ಜ್ವರ: ಈ ತಿಂಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ

ನೆಗಡಿ ಕೆಮ್ಮಿನ ಜೊತೆ ಬರುವ ಜ್ವರವೇ ಹೆಚ್ಚು. ಜೀರಿಗೆ, ಕಾಳುಮೆಣಸು, ಶುಂಠಿಯ ಕಷಾಯ ಕುಡಿದು, ಗಂಜಿ ತಿಳಿಸಾರು ಉಂಡು ಮಲಗಿದರೆ ಮೂರು ದಿನದಲ್ಲಿ ಅದು ಇಳಿಯುತ್ತದೆ. ಆದರೆ ನಮ್ಮ ಸೀಮೆಯಲ್ಲಿ ಡಿಸೆಂಬರಿನಿಂದ ಮೇವರೆಗೆ ಯಾರಿಗೆ ಜ್ವರ ಬಂದರೂ ಇದನ್ನು ಕೇಳಲೇಬೇಕು: ಹಿಂದಿನ ಹತ್ತು ದಿನದಲ್ಲಿ ಕಾಡಿಗೆ, ಸೊಪ್ಪಿನ ಬೆಟ್ಟಕ್ಕೆ, ದರಗು (ಒಣ ಎಲೆ) ಗುಡಿಸಲು, ಸೌದೆ ತರಲು ಹೋಗಿದ್ದಿರಾ? ಹತ್ತಿರದಲ್ಲಿ ಮಂಗ ಅಥವಾ ಮುಸಿಯ ಸತ್ತು ಬಿದ್ದಿತ್ತೇ?

ಹೀಗೆ ಕೇಳುವುದು ಮಂಗನ ಕಾಯಿಲೆಯ ಸಂಶಯಕ್ಕೆ. ಇದು 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018ರ ಡಿಸೆಂಬರಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಕಾಣಿಸಿಕೊಂಡು ಮುಂದಿನ ಬೇಸಿಗೆಯವರೆಗೂ ಕಾಡಿತು. ಹರಡುವುದು ಉಣುಗಿನ (ಉಣ್ಣೆ ಹುಳುವಿನ) ಕಡಿತದಿಂದ. ಈ ಕಾಲದಲ್ಲಿ ಕಡಿಯುವುದು ಹೆಚ್ಚಾಗಿ ಮರಿ ಉಣುಗು. ಸಾಸಿವೆ ಕಾಳಿಗಿಂತಲೂ ಚಿಕ್ಕದು, ಕಚ್ಚಿದ್ದೇ ತಿಳಿಯುವುದಿಲ್ಲ. ‘ನನಗೆ ಉಣುಗು ಕಚ್ಚಿಲ್ಲ’ ಎಂದು ರೋಗಿ ಹೇಳಿದರೂ ಅದನ್ನು ನಂಬಿ ಕೂರಬೇಡಿ. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವುದಿಲ್ಲ, ರೋಗಿಯನ್ನು ದೂರ ಇಡುವ ಅಗತ್ಯವಿಲ್ಲ.

ಕಡಿದ 3ರಿಂದ 8 ದಿನದಲ್ಲಿ ಒಮ್ಮೆಲೇ ಚಳಿ, ಮೈ ಸುಡುವ ಜ್ವರ, ಹಣೆ ಒಡೆದುಹೋಗುವಂಥ ತಲೆನೋವು, ಸೊಂಟ ಕೈಕಾಲು ವಿಪರೀತ ನೋವು. ಕಣ್ಣು ಕೆಂಪಗಾಗುತ್ತದೆ, ವಾಂತಿ ಭೇದಿಯೂ ಆಗಬಹುದು. ವಸಡು ಅಥವಾ ಮೂಗಿನಲ್ಲಿ ರಕ್ತ ಕಂಡರೆ ಪರಿಸ್ಥಿತಿ ಬಿಗಡಾಯಿಸುತ್ತಿದೆ ಎಂದರ್ಥ. ಈ ವೈರಸ್ಸನ್ನೇ ಕೊಲ್ಲುವ ಔಷಧ ಇನ್ನೂ ಇಲ್ಲ. ನೂರರಲ್ಲಿ ಮೂರರಿಂದ ಐದು ರೋಗಿಗಳು ತೀರಿಕೊಳ್ಳುವ ಕಾಯಿಲೆ ಇದು. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದರೆ ನೀರಿನಂಶ, ರಕ್ತದೊತ್ತಡ, ಪ್ಲೇಟ್‌ಲೆಟ್ ನೋಡಿಕೊಂಡು ಹೆಚ್ಚಿನವರನ್ನು ಉಳಿಸಿಕೊಳ್ಳುತ್ತಾರೆ. ಹೀಗಾಗಿ ಕಾಡಿನ ಒಡನಾಟ ಇದ್ದವರಿಗೆ ಜ್ವರ ಬಂದ ಮೊದಲ ಅಥವಾ ಎರಡನೇ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ ರಕ್ತ ಪರೀಕ್ಷೆ ಮಾಡಿಸಿ. 25ನೇ ತಾರೀಖಾದರೂ ಸರಿ, ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿ.

ಇನ್ನೊಂದು ವಿಷಯ, ಇದು ನೆಂಟರಿಗೆ. ರಜೆಗೆ ಬಂದು ಕಾಡು ಸುತ್ತಿ, ಜಲಪಾತ ನೋಡಿ ಬೆಂಗಳೂರಿಗೆ ಮರಳಿದ ಮೇಲೆ ಜ್ವರ ಬರಬಹುದು. ಅಲ್ಲಿನ ಡಾಕ್ಟರಿಗೆ ಮಂಗನ ಕಾಯಿಲೆ ಹೊಳೆಯದೇ ಇರಬಹುದು, ಡೆಂಗಿ ನೆಗೆಟಿವ್ ಎಂದು ವಾಪಸು ಕಳಿಸಬಹುದು. ‘ಶಿವಮೊಗ್ಗ ಜಿಲ್ಲೆಯ ಕಾಡಿಗೆ ಹೋಗಿದ್ದೆ, ಇಂಥ ದಿನ’ ಎಂದು ನೀವೇ ಹೇಳಬೇಕು. ಜ್ವರ ಬಿಟ್ಟ ಒಂದೆರಡು ವಾರಕ್ಕೆ ಕೆಲವರಿಗೆ ಅದು ಮತ್ತೆ ಮರಳುತ್ತದೆ. ಆಗ ಕುತ್ತಿಗೆ ಬಿಗಿತ, ಕೈ ನಡುಕ, ಮಂಪರು ಇದ್ದರೆ ನೇರ ಆಸ್ಪತ್ರೆಗೇ ಹೋಗಬೇಕು.

ಜ್ವರ ಯಾವುದು ಎಂದು ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಬೇಡ. ಐಬುಪ್ರೊಫೇನ್, ಡೈಕ್ಲೊಫೆನಾಕ್, ಆಸ್ಪಿರಿನ್ ಇವೆಲ್ಲ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಮಂಗನ ಕಾಯಿಲೆ, ಡೆಂಗಿ ಎರಡರಲ್ಲೂ ಇದು ಅನ್ವಯಿಸುತ್ತದೆ. ‘ಮೈಕೈ ನೋವಿಗೆ ಒಂದು ಇಂಜೆಕ್ಷನ್ ಹಾಕಿ’ ಎಂದು ಕೇಳಿಕೊಂಡು ಹೋಗುವುದನ್ನೂ ಬಿಡಬೇಕು. ಮೈಮೇಲೆ ಎಲ್ಲಾದರೂ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ ಕಂಡರೆ ಡಾಕ್ಟರಿಗೆ ತೋರಿಸಿ, ಅದು ಸ್ಕ್ರಬ್ ಟೈಫಸ್ ಎಂಬ ಜ್ವರದ ಗುರುತಾಗಿರಬಹುದು, ಅದಕ್ಕೆ ಔಷಧ ಇದೆ. ಗದ್ದೆ ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಮೀನಖಂಡ ಹಿಂಡಿದಂತೆ ನೋವು, ಕಣ್ಣು ಹಳದಿಯಾದರೆ ಇಲಿ ಜ್ವರದ ಸಂಶಯ ಪಡಬೇಕು.

ಕಾಡಿಗೆ ಹೋಗಲೇಬೇಕಾದವರು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಕೈಕಾಲಿಗೆ, ಕುತ್ತಿಗೆಗೆ ಹಚ್ಚಿಕೊಳ್ಳಿ. ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿಸಿ. ಬಂದ ಕೂಡಲೇ ಬಿಸಿನೀರು ಸೋಪಿನಲ್ಲಿ ಮಿಂದು, ಬಟ್ಟೆಯನ್ನೂ ಬಿಸಿನೀರಿನಲ್ಲೇ ನೆನೆಸಿ. ಕಂಕುಳು, ತೊಡೆಸಂದು, ಕಿವಿಯ ಹಿಂದೆ ಇನ್ನೊಬ್ಬರಿಂದ ನೋಡಿಸಿಕೊಳ್ಳಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ ನೇರವಾಗಿ ನಿಧಾನಕ್ಕೆ ಎಳೆಯಿರಿ. ಸೀಮೆಎಣ್ಣೆ ಹಾಕುವುದು, ಬೀಡಿ ತಾಗಿಸುವುದು, ಉಗುರಲ್ಲಿ ಹಿಸುಕುವುದು ಯಾವುದೂ ಬೇಡ. ಹಾಗೆ ಮಾಡಿದರೆ ಅದರ ಹೊಟ್ಟೆಯಲ್ಲಿದ್ದದ್ದು ಗಾಯದೊಳಕ್ಕೆ ಬರಬಹುದು. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಪಂಚಾಯಿತಿಗೋ ಆರೋಗ್ಯ ಕೇಂದ್ರಕ್ಕೋ ಹೇಳಿ.

ಮಕ್ಕಳ ಜ್ವರಕ್ಕೆ ಅಳತೆ

ಮಗುವಿನ ತೂಕದ ಪ್ರತಿ ಕಿಲೋಗೆ ಒಂದು ಸಲಕ್ಕೆ 10ರಿಂದ 15 ಮಿ.ಗ್ರಾಂ. ಪ್ಯಾರಾಸಿಟಮಾಲ್. ಎರಡು ಡೋಸಿನ ನಡುವೆ 6 ಗಂಟೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬೇಡ. ಎಡವುವುದು ಬಾಟಲಿಯಲ್ಲಿ: 5 ಮಿ.ಲೀ.ಗೆ 120 ಅಥವಾ 125 ಮಿ.ಗ್ರಾಂ. ಇರುವ ಸಿರಪ್ಪೂ ಇದೆ, 250 ಇರುವುದೂ ಇದೆ, ಎಳೆಗೂಸಿನ ಡ್ರಾಪ್ಸಿನಲ್ಲಿ ಒಂದೇ ಮಿ.ಲೀ.ಗೆ 100 ಮಿ.ಗ್ರಾಂ. ಇರುತ್ತದೆ. 12 ಕಿಲೋ ಮಗುವಿಗೆ 250ರ ಸಿರಪ್ ಆದರೆ ಮೂರೂವರೆ ಮಿ.ಲೀ. ದಾಟಬಾರದು. ಅದೇ 120ರದ್ದಾದರೆ ಏಳೂವರೆ ಮಿ.ಲೀ. ಲೇಬಲ್ ಓದದೆ ಚಮಚದಲ್ಲಿ ಅಂದಾಜಿಗೆ ಸುರಿಯಬೇಡಿ. ದೊಡ್ಡವರು 500 ಮಿ.ಗ್ರಾಂ. ಮಾತ್ರೆಯನ್ನು ಆರು ಗಂಟೆಗೊಂದರಂತೆ ತೆಗೆದುಕೊಳ್ಳಬಹುದು. ನೆಗಡಿ ಮಾತ್ರೆಯೊಳಗೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡನ್ನೂ ಒಟ್ಟಿಗೆ ನುಂಗಿದರೆ ಲಿವರಿಗೆ ಪೆಟ್ಟು.

ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಬಂದರೆ ಮನೆಮದ್ದಿಗೆ ಕೈ ಹಾಕದೆ ಹೊರಡಿ. ನಾಲ್ಕು ವರ್ಷದೊಳಗಿನವರಿಗೆ ಅಂಗಡಿಯ ಕೆಮ್ಮಿನ ಸಿರಪ್ ಬೇಡ. ಒಂದು ವರ್ಷ ತುಂಬಿದ ಮಕ್ಕಳಿಗೆ ಮಲಗುವಾಗ ಅರ್ಧ ಚಮಚ ಜೇನುತುಪ್ಪ ಕೊಡಿ, ವರ್ಷದೊಳಗಿನವರಿಗೆ ಜೇನು ನೆಕ್ಕಿಸಲೇಬೇಡಿ. ಮಗು ನಿದ್ದೆಯಲ್ಲೋ ಶಾಂತವಾಗಿಯೋ ಇರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ನ್ಯುಮೋನಿಯಾದ ಸೂಚನೆ. ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಎಣಿಸುತ್ತಲೂ ಕೂರಬೇಡಿ. ಬಿಸಿನೀರಿನ ಪಾತ್ರೆ ಎದುರು ಹೊದಿಕೆ ಹಾಕಿ ಮಕ್ಕಳಿಗೆ ಹಬೆ ಕೊಡುವುದರಿಂದ ಸುಟ್ಟ ಗಾಯವೇ ಹೆಚ್ಚು, ಅದನ್ನು ಬಿಟ್ಟುಬಿಡಿ.

ವಾಂತಿ ಭೇದಿ

ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು ಊರಿನವರಿಗೆ ಒಗ್ಗಿರಬಹುದು, ಪೇಟೆಯಿಂದ ಬಂದ ಮಕ್ಕಳ ಹೊಟ್ಟೆಗೆ ಒಗ್ಗದೆ ಹೋಗಬಹುದು. ಕುದಿ ಬಂದ ಮೇಲೆ ಒಂದು ನಿಮಿಷ ಚೆನ್ನಾಗಿ ಮರಳಿಸಿ ಆರಿಸಿದ ನೀರನ್ನೇ ಎಲ್ಲರಿಗೂ ಕೊಡಿ.

ಭೇದಿ ಶುರುವಾದರೆ ಓಆರ್‌ಎಸ್. ದೊಡ್ಡ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರು ನೀರು. 200 ಮಿ.ಲೀ.ಗೆ ಕಲಸುವ ಸಣ್ಣ ಪೊಟ್ಟಣವೂ ಉಂಟು, ಮೇಲೆ ಬರೆದದ್ದನ್ನು ಓದಿ. ದೊಡ್ಡ ಪೊಟ್ಟಣದ ಸ್ವಲ್ಪ ಪುಡಿಯನ್ನು ಲೋಟಕ್ಕೆ ಅಂದಾಜಿನಲ್ಲಿ ಹಾಕಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ, ಕಡಿಮೆಯಾದರೆ ಪ್ರಯೋಜನವಿಲ್ಲ. ಪೊಟ್ಟಣ ಸಿಗದಿದ್ದರೆ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಚಹಾ ಚಮಚದಲ್ಲಿ ಸಮಮಟ್ಟವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕಲಸಿದ್ದನ್ನು 24 ಗಂಟೆ ಆದ ಮೇಲೆ ಚೆಲ್ಲಿ. ಎರಡು ವರ್ಷದೊಳಗಿನವರಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಒಂದೊಂದೇ ಚಮಚ ಕೊಡುತ್ತ ಹೋಗಿ. ಆರು ತಿಂಗಳು ಮೇಲ್ಪಟ್ಟವರಿಗೆ ಜಿಂಕ್ 20 ಮಿ.ಗ್ರಾಂ., ಭೇದಿ ನಿಂತರೂ ಬಿಡದೆ 14 ದಿನ. ಎದೆಹಾಲು, ಗಂಜಿ ನಿಲ್ಲಿಸಬೇಡಿ. ಎಂಟು ಗಂಟೆ ಮೂತ್ರ ಹೋಗದಿದ್ದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಕುಡಿಯದೇ ಹೋದರೆ ಆಸ್ಪತ್ರೆಗೆ ಹೊರಡಿ.

ಹೊಗೆ, ಕೆಂಡ, ಗ್ಯಾಸ್ ಗೀಸರ್

ಅಸ್ತಮಾ ಇರುವವರಿಗೆ ಈ ತಿಂಗಳ ಮುಂಜಾವಿನ ಮಂಜು, ಹಂಡೆ ಒಲೆಯ ಹೊಗೆ, ಅಡಿಕೆ ಬೇಯಿಸುವ ಹೊಗೆ ಮೂರೂ ಸೇರಿಕೊಳ್ಳುತ್ತವೆ. 24ರ ನಡುರಾತ್ರಿಯ ಪೂಜೆಗೆ ಇಗರ್ಜಿಗೆ ಹೋಗುವವರು ಮೂಗು ಬಾಯಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಳ್ಳಿ, ಉಬ್ಬಸ ತಕ್ಷಣ ಇಳಿಸುವ ನೀಲಿ ಇನ್‌ಹೇಲರ್ ಜೇಬಿನಲ್ಲಿರಲಿ. ಉಬ್ಬಸ ಬಂದರೆ ನೆಟ್ಟಗೆ ಕೂತು, ಸ್ಪೇಸರಿನಲ್ಲಿ (ಇನ್‌ಹೇಲರಿಗೆ ಸಿಕ್ಕಿಸುವ ಕೊಳವೆ) ಒಂದೊಂದೇ ಪಫ್‌ನಂತೆ ನಾಲ್ಕು ಪಫ್. 20 ನಿಮಿಷದಲ್ಲಿ ಇಳಿಯದಿದ್ದರೆ ಮತ್ತೆ ನಾಲ್ಕು ತೆಗೆದುಕೊಂಡು, ಜೊತೆಗೇ ಆಸ್ಪತ್ರೆಗೆ ಹೊರಡಿ. ಒಂದು ವಾಕ್ಯ ಪೂರ್ತಿ ಮಾಡಲಾಗದಷ್ಟು ಏದುಸಿರು ಇದ್ದರೆ 20 ನಿಮಿಷವೂ ಕಾಯಬೇಡಿ. ಆಕ್ಸಿಮೀಟರಿನಲ್ಲಿ 94ಕ್ಕಿಂತ ಕೆಳಗಿದ್ದರೆ ಡಾಕ್ಟರು ನೋಡಬೇಕು, 90ಕ್ಕಿಂತ ಕೆಳಗಿದ್ದರೆ ತುರ್ತು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ತಪ್ಪು ಅಂಕಿ ಬರುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ ಮತ್ತೆ ನೋಡಿ.

ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಳ್ಳುವುದು, ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನ ಮಾಡುವುದು, ಇವೆರಡೂ ಪ್ರಾಣ ತೆಗೆಯುತ್ತವೆ. ಹೊರಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಒಂದೇ ಕೋಣೆಯಲ್ಲಿದ್ದ ಇಬ್ಬರು ಮೂವರಿಗೆ ಒಟ್ಟೊಟ್ಟಿಗೆ ತಲೆನೋವು, ವಾಕರಿಕೆ, ತಲೆ ಸುತ್ತು ಬಂದರೆ ಅದೇ ಸುಳಿವು. ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ಗಾಳಿಗೆ ಎಳೆದು ತನ್ನಿ, 108ಕ್ಕೆ ಕರೆ ಮಾಡಿ. ಇಲ್ಲಿ ಆಕ್ಸಿಮೀಟರನ್ನು ನಂಬಲೇಬಾರದು: ರಕ್ತದಲ್ಲಿ ವಿಷಗಾಳಿ ತುಂಬಿದ್ದರೂ ಅದು 98 ಎಂದೇ ತೋರಿಸಬಹುದು. ಗೀಸರ್ ಬಚ್ಚಲಿನ ಹೊರಗಿರಲಿ. ಅದಾಗದಿದ್ದರೆ ಬಕೆಟಿಗೆ ನೀರು ತುಂಬಿಸಿ, ಆರಿಸಿ, ಆಮೇಲೆ ಸ್ನಾನಕ್ಕೆ ಹೋಗಿ.

ಸುಟ್ಟರೆ, ಕೊಯ್ದರೆ, ಹಾವು ಕಚ್ಚಿದರೆ

ನೇವ್ರಿ (ಕರ್ಜಿಕಾಯಿ) ಕರಿಯುವ ಎಣ್ಣೆಯೋ ಹಂಡೆಯ ನೀರೋ ಬಿದ್ದರೆ ತಕ್ಷಣ ಹರಿಯುವ ತಣ್ಣೀರು, ಗಡಿಯಾರ ನೋಡಿ 20 ನಿಮಿಷ. ಬಳೆ ಉಂಗುರ ಬಾವು ಬರುವ ಮೊದಲೇ ತೆಗೆಯಿರಿ. ಟೂತ್‌ಪೇಸ್ಟು, ಅರಿಸಿನ, ಐಸು ಬೇಡ, ಬೊಬ್ಬೆ ಒಡೆಯಬೇಡಿ, ಶುಭ್ರ ಬಟ್ಟೆ ಸಡಿಲವಾಗಿ ಹೊದಿಸಿ. ರೋಗಿಯ ಅಂಗೈಗಿಂತ ದೊಡ್ಡ ಗಾಯ, ಮುಖ, ಕೈ, ಕೀಲು, ಗುಪ್ತಾಂಗದ ಗಾಯ ಆಸ್ಪತ್ರೆಗೆ. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿದರೆ ಬಟ್ಟೆ ಒತ್ತಿ ಹಿಡಿದು, ನಡುವೆ ಎತ್ತಿ ನೋಡದೆ, ಹತ್ತು ನಿಮಿಷ. ಟಿಟಿ ಇಂಜೆಕ್ಷನ್ ಮಾರನೇ ದಿನ ಆದರೂ ನಡೆಯುತ್ತದೆ.

ಹುಲ್ಲಿನ ಬಣವೆ, ಸೌದೆ ರಾಶಿಗೆ ಟಾರ್ಚ್ ಇಲ್ಲದೆ ಕೈ ಹಾಕಬೇಡಿ. ಹಾವು ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು, ಚೀಪುವುದು ಬೇಡ. ಕಚ್ಚಿದ ಕೈಕಾಲು ಅಲ್ಲಾಡದಂತೆ ದಬ್ಬೆ ಕಟ್ಟಿ, ಹೊತ್ತು ಬರೆದುಕೊಂಡು, ನಾಟಿ ಮದ್ದಿಗೆ ಅಲೆಯದೆ ಹೊರಡಿ. ನೆಂಟರು ಹೆಚ್ಚಾಗಿ ನೆಲದ ಮೇಲೆ ಮಲಗಿದವರಿಗೆ ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಜೋಲುವುದು ಕಂಡರೆ ಗಾಯ ಕಾಣದಿದ್ದರೂ ವಿಷದ ಕಟ್ಟಿಗೆ ಹಾವನ್ನು, ಅಂದರೆ ಕಡಂಬಳವನ್ನು ನೆನೆದು ಹೊರಡಿ.

ಸಕ್ಕರೆ ಕಾಯಿಲೆ ಇದ್ದವರಿಗೆ

ಕೇಕಿನ ಒಂದು ತುಂಡಿಗಿಂತ ಊಟ ತಪ್ಪಿದ ದಿನವೇ ಹೆಚ್ಚು ಅಪಾಯ. ಬೆವರು, ನಡುಕ, ಗಲಿಬಿಲಿ ಇದ್ದು ಮೀಟರಿನಲ್ಲಿ 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. ವಾಂತಿ ಭೇದಿಯಲ್ಲಿ ಮೆಟ್‌ಫಾರ್ಮಿನ್ ಮತ್ತು ಹೆಸರಿನ ಕೊನೆಗೆ ‘ಗ್ಲಿಫ್ಲೋಜಿನ್’ ಎಂದಿರುವ ಮಾತ್ರೆಗಳನ್ನು ಸಾಮಾನ್ಯವಾಗಿ ಕೆಲ ದಿನ ನಿಲ್ಲಿಸಲು ಹೇಳುತ್ತಾರೆ. ನಿಮ್ಮ ಡಾಕ್ಟರನ್ನು 24ರೊಳಗೇ ಕೇಳಿಟ್ಟುಕೊಳ್ಳಿ. ಇನ್ಸುಲಿನ್ನನ್ನು ಮಾತ್ರ ತಾನಾಗಿ ನಿಲ್ಲಿಸಬಾರದು. ಕರೆಂಟು ಹೋಯಿತೆಂದು ಇನ್ಸುಲಿನ್ ಎಸೆಯಬೇಡಿ. ಬಳಸುತ್ತಿರುವ ಬಾಟಲಿ ನಮ್ಮ ಡಿಸೆಂಬರಿನ ತಂಪಿನಲ್ಲಿ ಹೊರಗಿದ್ದರೂ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ಫ್ರೀಜರಿನಲ್ಲಿಟ್ಟರೆ ಕೆಡುತ್ತದೆ. ಬಿಪಿ ಇರುವವರ ಗಂಜಿಗೆ ಅಪ್ಪೆಮಿಡಿ ರಸ ಸುರಿಯುವುದು ಬೇಡ, ಅದರಲ್ಲಿರುವುದು ಬರೀ ಉಪ್ಪು.

ಎದೆನೋವು, ಪಾರ್ಶ್ವವಾಯು

ಎದೆ ಹಿಂಡಿದಂತೆ, ಭಾರ ಇಟ್ಟಂತೆ ಆಗಿ ದವಡೆಗೋ ಎಡಗೈಗೋ ಹರಿಯುವ ನೋವು, ತಣ್ಣನೆ ಬೆವರು. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ನೋವೇ ಇಲ್ಲದೆ ಬರೀ ಸುಸ್ತು, ಉಸಿರು ಕಟ್ಟುವುದೂ ಆಗಬಹುದು. ಇದನ್ನು ‘ಗ್ಯಾಸ್ಟ್ರಿಕ್’ ಎಂದು ಜೀರಿಗೆ ಕಷಾಯ ಕುಡಿಸಿ ಬೆಳಕು ಹರಿಯಲಿ ಎಂದು ಕಾಯುವ ಮನೆಗಳಲ್ಲಿ ಎಷ್ಟೋ ಜೀವ ಹೋಗಿವೆ. ಆಸ್ಪಿರಿನ್ 300 ಅಥವಾ 325 ಮಿ.ಗ್ರಾಂ. ಅಗಿದು ನುಂಗಿಸಿ. ಆಸ್ಪಿರಿನ್ ಅಲರ್ಜಿ ಅಥವಾ ಹೊಟ್ಟೆಯಲ್ಲಿ ರಕ್ತಸ್ರಾವ ಇದ್ದವರಿಗೆ ಬೇಡ. ನಡೆಸಬೇಡಿ, ರೋಗಿಯೇ ಬೈಕು ಓಡಿಸುವುದಂತೂ ಬೇಡವೇ ಬೇಡ. ಮೊದಲು ಸಿಗುವ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆಸಿ.

ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಪಾರ್ಶ್ವವಾಯು. ಇಲ್ಲಿ ಆಸ್ಪಿರಿನ್ ಕೊಡಬೇಡಿ, ನೀರೂ ಬೇಡ. ರೋಗಿ ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂಬುದನ್ನು ಬರೆದುಕೊಳ್ಳಿ. ಹೆಪ್ಪು ಕರಗಿಸುವ ಔಷಧವನ್ನು ಆ ಹೊತ್ತಿನಿಂದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಸಾಕಷ್ಟು ಮೊದಲೇ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆ ಮುಟ್ಟಬೇಕು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿ.ಮೀ. ಆಸುಪಾಸು, ಸಾಗರದಿಂದ 70ರ ಮೇಲೆ. ಆಗುಂಬೆ ಕಡೆಯವರು ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದೇ ಹತ್ತಿರವೋ ಎಂದು ಮೊದಲೇ ಲೆಕ್ಕ ಹಾಕಿಡಬೇಕು. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವುದು ತಪ್ಪಿದೆ.

108ಕ್ಕೆ ಕರೆ ಮಾಡಿದಾಗ

ತಾಲ್ಲೂಕು, ಪಂಚಾಯಿತಿ, ಊರು, ಮುಖ್ಯರಸ್ತೆಯ ಬಸ್ ಸ್ಟಾಪಿನ ಹೆಸರು, ಈ ಕ್ರಮದಲ್ಲಿ ಹೇಳಿ. ಬರೀ ಮನೆತನದ ಹೆಸರು ಅವರಿಗೆ ತಿಳಿಯುವುದಿಲ್ಲ. ಆಮೇಲೆ ಏನಾಗಿದೆ, ಎಷ್ಟು ವಯಸ್ಸು, ಎಚ್ಚರ ಇದೆಯೇ. ಅವರು ಹೇಳುವವರೆಗೆ ಫೋನ್ ಇಡಬೇಡಿ, ಆ ಮೊಬೈಲಿನವರು ಸಿಗ್ನಲ್ ಇರುವ ಜಾಗ ಬಿಟ್ಟು ಬರಬೇಡಿ. ತೋಟದ ಕಚ್ಚಾರಸ್ತೆಗೆ ಆಂಬುಲೆನ್ಸ್ ಇಳಿಯದಿದ್ದರೆ ಪಕ್ಕದ ಮನೆಯ ಜೀಪಿನಲ್ಲಿ ರೋಗಿಯನ್ನು ಡಾಂಬರು ರಸ್ತೆಯವರೆಗೆ ತಂದು ಅಲ್ಲಿ ಸೇರಿಸಿ. ಇರುಳಾದರೆ ಒಬ್ಬರು ಟಾರ್ಚ್ ಹಿಡಿದು ತಿರುವಿನಲ್ಲಿ ನಿಲ್ಲಿ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಪಟ್ಟಿ ಸಮೇತ ಒಂದು ಚೀಲದಲ್ಲಿ ಹಾಕಿ, ಆಧಾರ್, ಬಿಪಿಎಲ್ ಅಥವಾ ಆಯುಷ್ಮಾನ್ ಕಾರ್ಡು, ಹಳೆಯ ರಿಪೋರ್ಟು, ಚಾರ್ಜರು, ಒಂದು ಕಂಬಳಿ, ಸ್ವಲ್ಪ ನಗದು ಜೊತೆಗಿಟ್ಟುಕೊಳ್ಳಿ.